ಬಳ್ಳಿ ಕಾಯುವವನು

ಜೇನುಬಾಣೆ ಹಾಡಿ, ಕುಟ್ಟದ ಹತ್ತಿರ
ಕೊಡಗು ರಾಜ್ಯ
9 ಫೆಬ್ರವರಿ 1956

ತಂಗಿ ಲಿಂಗಿಗೆ ಅಣ್ಣ ಮಾದನ ಆಶೀರ್ವಾದ.

ನಾವು ಇಲ್ಲಿ ಇದ್ದೇವೆ. ನಿನ್ನ ಮಗಳು ಸಣ್ಣಿ ನನ್ನ ಹೆಂಡತಿ ಜವರಿಯ ಸೆರಗು ಹಿಡಿದುಕೊಂಡೇ ಓಡಾಡುತ್ತಾಳೆ. ಅವ್ವ ಯಾವಾಗ ಬರುತ್ತಾಳೆ ಎಂದು ಕೇಳುವುದನ್ನು ಈಗ ಬಿಟ್ಟಿದ್ದಾಳೆ. ಬಿಟ್ಟಿದ್ದು ಒಳ್ಳೆಯದೋ ಕೆಟ್ಟದ್ದೋ ನನಗೆ ತಿಳಿಯುತ್ತಿಲ್ಲ.

ಈ ಕಾಗದ ಬರೆಯುತ್ತಿರುವವರು ನಮ್ಮ ಹಾಡಿಯ ಶಾಲೆಗೆ ಹೊಸದಾಗಿ ಬಂದ ಚನ್ನಮಲ್ಲಪ್ಪ ಮೇಷ್ಟ್ರು. ಶಿರಂಗಾಲದವರು, ಬೇಸಾಯದ ಮನೆತನ. ನನ್ನ ಮಾತನ್ನು ಪುಸ್ತಕದ ಮಾತು ಮಾಡಿ ಬರೆಯುತ್ತಾರೆ. ಒಳ್ಳೆಯವರಂತೆ ಕಾಣುತ್ತಾರೆ. ಆದರೂ ಅವರು ಬರೆದದ್ದನ್ನು ಕುಟ್ಟದ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಮಾಯಿಲಪ್ಪನಿಂದ ಓದಿಸಿ, ನಾನು ಹೇಳಿದ್ದೇ ಇದೆ ಎಂದು ಖಾತ್ರಿಯಾದ ಮೇಲೆ ಅಂಚೆಗೆ ಹಾಕುತ್ತೇನೆ. ಈ ಸಾಲನ್ನೂ ಮೇಷ್ಟ್ರ ಕೈಯಿಂದಲೇ ಬರೆಸಿದ್ದೇನೆ. ನಕ್ಕರು, ಆದರೆ ಬರೆದರು.

ವಿಷಯ ಏನೆಂದರೆ, ಮಡಿಕೇರಿಯಿಂದ ಒಬ್ಬರು ಸಾಹೇಬರು ಜೀಪಿನಲ್ಲಿ ಬಂದಿದ್ದರು. ಕೆಳಗಿನ ಗದ್ದೆಯ ಪಕ್ಕದ ಬಯಲಿನಲ್ಲಿ ನಮಗಾಗಿ ಕಾಲೋನಿ ಕಟ್ಟುತ್ತಾರಂತೆ. ಹೆಂಚಿನ ಮನೆ, ಬಾವಿ, ಉಳಲು ಜಮೀನು. ನಾವು ಮಾತ್ರ ಕಾಡು ಬಿಟ್ಟು ಇಳಿಯಬೇಕು. "ನೀವೂ ಈಗ ಈ ದೇಶದ ಪ್ರಜೆಗಳು ಕಣಪ್ಪಾ. ಎಲ್ಲರ ಜೊತೆ ಬೆರೀಬೇಕು. ಎಷ್ಟು ದಿನ ಅಂತ ಹೀಗೆ ಮರೆಯಲ್ಲಿರ್ತೀರಿ?" ಎಂದರು. ಎಲ್ಲರಿಗೂ ಬೆಲ್ಲ ಹಂಚಿದರು. ಜೇನು ಕುಯ್ಯುವವರಿಗೆ ಬೆಲ್ಲ ಯಾಕೆ? ಅಲ್ಲೇ ನನಗೆ ಅನುಮಾನ ಬಂತು.

ಇನ್ನೊಂದು ಮಾತು. ನಿನ್ನ ಗಂಡ ಪಾಪನನ್ನು ನೀನು ನೋಡಬೇಕಿತ್ತು, ಇಡೀ ದಿನ ಆ ಸಾಹೇಬರ ಹಿಂದೆಯೇ ಇದ್ದ. ಮೈಮೇಲೆ ಹೊಸ ಖಾಕಿ ಅಂಗಿ. ಯಾರು ಕೊಟ್ಟರು ಎಂದು ಕೇಳಿದರೆ, "ಚಳಿಗೆ ಇರ್ಲಿ ಅಂತ ಕೊಟ್ರು ಬಾವ" ಎಂದ. ಚಳಿ ನನಗೂ ಆಗುತ್ತಿತ್ತು, ನನಗೆ ಯಾರೂ ಅಂಗಿ ಕೊಡಲಿಲ್ಲ.

ನೀನು ಮಡಿಕೇರಿಯಲ್ಲಿ ಸರಕಾರದ ಹಾಸ್ಟೆಲಿನಲ್ಲೇ ಇದ್ದು ಸೂಲಗಿತ್ತಿ ಕೆಲಸ ಕಲಿಯುತ್ತಿದ್ದೀಯ. ಈ ಕಾಲೋನಿಯ ಮಾತು ನಿಜವೋ ಸುಳ್ಳೋ ವಿಚಾರಿಸಿ ಬರೆ.

ನಿನ್ನ ಅಣ್ಣ
ಮಾದ (ಹೆಬ್ಬೆಟ್ಟು)

•

ಮಡಿಕೇರಿ
27 ಫೆಬ್ರವರಿ 1956

ಅಣ್ಣನಿಗೆ ಲಿಂಗಿಯ ನಮಸ್ಕಾರ.

ಇದು ನನ್ನದೇ ಕೈಬರಹ. ಸೊಟ್ಟ ಇದೆ ಎಂದು ಮೇಷ್ಟ್ರು ನಗಬಾರದು.

ಕಾಲೋನಿಯ ಮಾತು ನಿಜ. ಆಫೀಸಿನ ಗುಮಾಸ್ತ ತಿಮ್ಮಯ್ಯನವರನ್ನು ಕೇಳಿದೆ. ದಿಲ್ಲಿಯಿಂದ ಆದಿವಾಸಿಗಳ ಹೆಸರಿನಲ್ಲಿ ಹಣ ಬಂದಿದೆ, ಬೇಗ ಕಟ್ಟಬೇಕು ಎಂದು ಅವಸರ ಮಾಡುತ್ತಿದ್ದಾರಂತೆ. ಅವಸರ ಯಾಕೆ ಎಂದರೆ, "ಈ ಕೊಡಗು ಸರ್ಕಾರವೇ ಇನ್ನೆಷ್ಟು ದಿನವೋ ಕಾಣೆ. ಮೈಸೂರಿಗೆ ಸೇರಿಸ್ತಾರಂತೆ" ಎಂದು ಹೇಳಿ ಸುತ್ತ ನೋಡಿದರು.

ನನ್ನ ಗಂಡನ ಅಂಗಿಯ ಬಗ್ಗೆ ನೀನು ಬರೆದದ್ದು ನನಗೆ ಇಷ್ಟವಾಗಲಿಲ್ಲ. ಅಂಗಿ ಹಾಕಿಕೊಂಡವರೆಲ್ಲ ಸಾಹೇಬರ ಕಡೆಯವರಾದರೆ ನಾನೂ ಆ ಕಡೆಯವಳೇ. ಇಲ್ಲಿ ನನಗೆ ಬಿಳಿ ಸೀರೆ ಕೊಟ್ಟಿದ್ದಾರೆ.

ಎಲ್ಲರ ಜೊತೆ ಬೆರೆಯುವುದು ಹೇಗಿರುತ್ತದೆ ಎಂದು ನಿನಗೆ ಹೇಳುತ್ತೇನೆ, ಕೇಳು. ಹಾಸ್ಟೆಲಿನಲ್ಲಿ ನನ್ನ ತಟ್ಟೆ ಲೋಟ ಬೇರೆ ಗೂಡಿನಲ್ಲಿವೆ. ಊಟಕ್ಕೆ ನಾನು ಬಾಗಿಲ ಹತ್ತಿರ ಕೂರುತ್ತೇನೆ. ಯಾರೂ ಕೂರು ಎಂದು ಹೇಳಿಲ್ಲ, ಆದರೆ ಬೇರೆ ಕಡೆ ಕೂತರೆ ಪಕ್ಕದವಳು ಹಸಿವಿಲ್ಲ ಎಂದು ಎದ್ದು ಹೋಗುತ್ತಾಳೆ. ಹೋದ ವಾರ ದೊಡ್ಡವರು ಯಾರೋ ಬರುತ್ತಾರೆಂದು ವಾರ್ಡನ್ ಮುತ್ತಮ್ಮನವರು ನನ್ನನ್ನು ಪಂಕ್ತಿಯ ನಡುವೆ ಕೂರಿಸಿದರು. ಪಕ್ಕದವಳು ನನಗೆ ಬಡಿಸುವ ಹಾಗೆ ಕ್ಯಾಮರಾದವನು ಫೋಟೋ ತೆಗೆದ. ದೊಡ್ಡವರು ಹೋದ ಮೇಲೆ ನನ್ನ ತಟ್ಟೆ ಮತ್ತೆ ಗೂಡಿಗೆ ಹೋಯಿತು. ಆ ಫೋಟೋ ನಿಮ್ಮ ಕಡೆಗೆ ಬಂದರೆ ನೋಡಿ ಸಂತೋಷಪಡಬೇಡಿ.

ಆದರೆ ಕೆಲಸ ಮಾತ್ರ ಚೆನ್ನಾಗಿ ಕಲಿಸುತ್ತಾರೆ, ಅದು ಸುಳ್ಳಲ್ಲ. ಅಡ್ಡ ತಿರುಗಿದ ಮಗುವನ್ನು ಹೇಗೆ ಸರಿಪಡಿಸುವುದೆಂದು ನೋಡಿದೆ. ನಮ್ಮ ಅವ್ವ ಹಾಗೆಯೇ ಹೋದದ್ದಲ್ಲವೇ. ನೋಡುತ್ತ ನೋಡುತ್ತ ನನಗೆ ಅಳು ಬಂತು.

ಸಣ್ಣಿಯ ತಲೆಗೆ ಎಣ್ಣೆ ಹಾಕಲು ಜವರಿ ಅತ್ತಿಗೆಗೆ ಹೇಳು.

ನಿನ್ನ ತಂಗಿ
ಲಿಂಗಿ

•

ಜೇನುಬಾಣೆ ಹಾಡಿ
25 ಮಾರ್ಚ್ 1956

ತಂಗಿ ಲಿಂಗಿಗೆ,

ನಿನ್ನ ಕಾಗದವನ್ನು ಮೇಷ್ಟ್ರು ಓದಿ ಹೇಳಿದರು. ತಟ್ಟೆಯ ವಿಷಯ ಬಂದಾಗ ಅವರ ದನಿ ಸಣ್ಣಗಾಯಿತು. ಅವರ ಮನೆಯಲ್ಲೂ ಅಂಥ ಗೂಡು ಇರಬೇಕು. ಕೇಳಿದೆ. ಪೆನ್ನಿಗೆ ಶಾಯಿ ತುಂಬಿಸಿಕೊಂಡರು. ಇದನ್ನೂ ಬರೆಯಿರಿ ಎಂದಿದ್ದೇನೆ, ಬರೆದಿದ್ದಾರೋ ಇಲ್ಲವೋ ಮಾಯಿಲಪ್ಪ ಹೇಳುತ್ತಾನೆ.

ಈಗ ನಿನ್ನ ಗಂಡನ ಸಮಾಚಾರ. ಮೊನ್ನೆ ಹಾಡಿಯವರೆಲ್ಲ ಸೇರಿದ್ದೆವು. ಪಾಪ ಎದ್ದು ನಿಂತು, "ಎಲ್ಲಾರೂ ಇಳ್ದುಬುಡಾನ. ಸಾಹೇಬ್ರು ಮಾತು ಕೊಟ್ಟವ್ರೆ" ಎಂದ. ಸಾಹೇಬರು ನಿನಗೆ ಬೇರೆ ಏನು ಕೊಟ್ಟಿದ್ದಾರೆ ಎಂದು ಕೇಳಿದೆ. ಮುಖ ತಿರುಗಿಸಿದ. ಏನೂ ಇಲ್ಲದಿದ್ದರೆ ಏನೂ ಇಲ್ಲ ಎಂದು ಹೇಳಬೇಕಿತ್ತು. ಅವನು ನನ್ನ ಎದುರಿಗೆ ಮುಖ ತಿರುಗಿಸಿದ್ದು ಇದೇ ಮೊದಲು.

ಆ ಸಿಟ್ಟಿನಲ್ಲಿ ಎಲ್ಲರ ಎದುರಿಗೆ ಹೇಳಿಬಿಟ್ಟೆ: ಈ ಸಲ ನಾನು ಪಾಪನಿಗೆ ಬಳ್ಳಿ ಕಾಯುವುದಿಲ್ಲ.

ಮೇಷ್ಟ್ರು ಬರೆಯುವುದನ್ನು ನಿಲ್ಲಿಸಿ ಇದೇನು ಎಂದು ಕೇಳುತ್ತಿದ್ದಾರೆ. ನಿನಗೆ ಗೊತ್ತಿರುವುದೇ, ಆದರೂ ಅವರಿಗಾಗಿ ಹೇಳುತ್ತೇನೆ. ಹೆಜ್ಜೇನು ಕಟ್ಟುವುದು ಜೇನುಬಂಡೆಯ ಹೊಟ್ಟೆಯಲ್ಲಿ. ಬಂಡೆಯ ತಲೆಯಿಂದ ಬಳ್ಳಿ ಇಳಿಬಿಟ್ಟು ಅದರಲ್ಲಿ ಜೋತು ಕುಯ್ಯಬೇಕು. ಮೇಲೆ ಕೂತು ಬಳ್ಳಿ ಕಾಯುವವನು ಇಳಿಯುವವನ ಹೆಂಡತಿಯ ಅಣ್ಣನೋ ತಮ್ಮನೋ ಆಗಿರಬೇಕು. ಒಡಹುಟ್ಟಿದವನು ಬೇಡ, ಗೆಳೆಯನೂ ಬೇಡ. ಅವರಿಗೆ ಯಾವ ಹೊತ್ತಿನಲ್ಲಿ ಏನು ಬುದ್ಧಿ ಬರುತ್ತದೋ ಯಾರು ಕಂಡರು? ತನ್ನ ತಂಗಿ ಮುಂಡೆಯಾಗಲಿ ಎಂದು ಮಾತ್ರ ಯಾರೂ ಬಳ್ಳಿ ಬಿಡುವುದಿಲ್ಲ. ನಮ್ಮ ಹಿರಿಯರು ಯಾರನ್ನೂ ಸುಮ್ಮಸುಮ್ಮನೆ ನಂಬಿದವರಲ್ಲ.

ಕಾಯುವುದಿಲ್ಲ ಎಂದರೆ ಸಂಬಂಧ ಕಡಿದ ಹಾಗೆ, ಅದೂ ನನಗೆ ಗೊತ್ತು. ಆಮೇಲೆ ತಂಗಿಯನ್ನು ತವರಿಗೆ ಕರೆದುಕೊಳ್ಳಬೇಕು. ನಿನಗೆ ಗಂಜಿ ಹಾಕಲು ನನಗೆ ಶಕ್ತಿಯಿದೆ.

ಮಾದ (ಹೆಬ್ಬೆಟ್ಟು)

ಲಿಂಗಮ್ಮನವರಿಗೆ: ಮೇಲಿನದು ಅವರ ಮಾತು, ಇದು ನನ್ನದು. ನಮ್ಮ ಮನೆಯಲ್ಲೂ ಗೂಡು ಇದೆ. ಚ.ಮ.

•

ಕುಟ್ಟ
8 ಏಪ್ರಿಲ್ 1956

ಲಿಂಗಿಗೆ,

ರೈಟರ್ ಮಾಯಿಲಪ್ಪನವರ ಕೈಯಲ್ಲಿ ಬರೆಸಿದ್ದೇನೆ. ಮೇಷ್ಟ್ರ ಹತ್ತಿರ ಹೋದರೆ ನಿನ್ನ ಅಣ್ಣನಿಗೆ ಗೊತ್ತಾಗುತ್ತದೆ. ಇವರು ಬಾಯಿ ಬಿಡುವುದಿಲ್ಲ ಎಂದು ಮಗನ ಮೇಲೆ ಆಣೆ ಮಾಡಿದ್ದಾರೆ.

ನಿನ್ನ ಕಲಿಕೆ ಮುಗಿದ ಮೇಲೆ ನಿನ್ನನ್ನು ನಮ್ಮ ಹಾಡಿಗೆ ಕಳಿಸುವುದಿಲ್ಲ. ಇದು ಸಾಹೇಬರೇ ಹೇಳಿದ ಮಾತು. ಕಾಡಿನೊಳಗೆ ಸರಕಾರದ ಸೂಲಗಿತ್ತಿಯನ್ನು ಹಾಕುವ ಕಾನೂನಿಲ್ಲವಂತೆ. ಎಲ್ಲೋ ದೂರದ ಊರಿಗೆ ಹಾಕುತ್ತಾರೆ, ಕೊಟ್ಟ ಊರಿಗೆ ಹೋಗುತ್ತೇನೆ ಎಂದು ನೀನು ಸೇರುವಾಗಲೇ ಒಪ್ಪಿದ್ದೀಯಂತೆ. ಆದರೆ ಇಲ್ಲಿ ಕಾಲೋನಿ ಆದರೆ ಅದರಲ್ಲೇ ಹೆರಿಗೆ ಕೋಣೆ ಕಟ್ಟಿಸಿ ನಿನ್ನನ್ನೇ ಹಾಕಿಸುತ್ತೇನೆ ಎಂದು ನನಗೆ ಮಾತು ಕೊಟ್ಟಿದ್ದಾರೆ. ಎಲ್ಲರನ್ನೂ ಇಳಿಸುವುದು ನನ್ನ ಪಾಲಿನ ಕೆಲಸ.

ಇದನ್ನು ಹಾಡಿಯಲ್ಲಿ ಹೇಗೆ ಹೇಳಲಿ? ಹೆಂಡತಿಗಾಗಿ ಕಾಡು ಮಾರಿದ ಎನ್ನುತ್ತಾರೆ. ನಿನ್ನ ಅಣ್ಣನೇ ಮೊದಲು ಅನ್ನುತ್ತಾನೆ. ನೀನೂ ಹೇಳಬೇಡ.

ಸಣ್ಣಿ ರಾತ್ರಿ ನನ್ನ ಪಕ್ಕದಲ್ಲೇ ಮಲಗುತ್ತಾಳೆ. ನಿನ್ನ ಹಳೆಯ ಸೀರೆ ಹೊದ್ದುಕೊಳ್ಳುತ್ತಾಳೆ.

ಪಾಪ (ಹೆಬ್ಬೆಟ್ಟು)

•

ಮಡಿಕೇರಿ
20 ಏಪ್ರಿಲ್ 1956

ಅಣ್ಣನಿಗೆ,

ನನ್ನ ಸಂಸಾರವನ್ನು ಕೂಟದಲ್ಲಿ ಕಡಿಯಲು ನೀನು ಯಾರು? ನನ್ನನ್ನು ಒಂದು ಮಾತು ಕೇಳಿದೆಯಾ? ಗಂಜಿ ಹಾಕುತ್ತಾನಂತೆ. ನನಗೆ ಗಂಜಿ ಕುಡಿಯುವ ಬಾಯಿ ಇದೆ, ದುಡಿಯುವ ಕೈಯೂ ಇದೆ.

ಪಾಪ ಕೆಟ್ಟವನಲ್ಲ. ಹೇಗೆ ಗೊತ್ತು ಎಂದು ಕೇಳಬೇಡ, ಹೇಳಲಾರೆ. ಜೇನಿಗೆ ಹೋಗುವ ದಿನ ನೀನು ಬಂಡೆಯ ಮೇಲೆ ಇರಬೇಕು, ಅಷ್ಟೇ.

ಆದರೆ ಒಂದು ಸಂಗತಿ ನನ್ನ ನಿದ್ದೆ ಕೆಡಿಸಿದೆ, ಅದನ್ನು ಮುಚ್ಚಿಡುವುದು ತಪ್ಪಾಗುತ್ತದೆ. ಆಫೀಸಿನ ಜಗಲಿಯಲ್ಲಿ ಮರದ ಕಂಟ್ರಾಕ್ಟರ್ ಒಬ್ಬನನ್ನು ನೋಡಿದೆ. ನಮ್ಮ ಸಾಹೇಬರ ಬಾಗಿಲಲ್ಲಿ ಅವನಿಗೇನು ಕೆಲಸ? ತಿಮ್ಮಯ್ಯನವರನ್ನು ಕೇಳಿದರೆ, "ನಿನ್ನ ಪಾಠ ನೋಡ್ಕೊಳಮ್ಮ" ಎಂದರು. ಅವರು ನನಗೆ ಹಾಗೆ ಗದರಿಸಿದವರಲ್ಲ. ಪಾಪನಿಗೆ ಇದು ಗೊತ್ತಿದೆಯೋ ಇಲ್ಲವೋ ನನಗೆ ಗೊತ್ತಿಲ್ಲ. ಗೊತ್ತಿಲ್ಲ ಎಂದೇ ನಂಬಿದ್ದೇನೆ.

ಲಿಂಗಿ

•

ಜೇನುಬಾಣೆ ಹಾಡಿ
24 ಮೇ 1956

ತಂಗಿ ಲಿಂಗಿಗೆ ಅಣ್ಣ ಮಾದನ ಆಶೀರ್ವಾದ.

ಈ ಕಾಗದ ಉದ್ದ ಇದೆ. ಮೇಷ್ಟ್ರು ಬೆರಳು ನೋಯುತ್ತದೆ ಎನ್ನುತ್ತಿದ್ದಾರೆ. ಮಾಯಿಲಪ್ಪನಿಂದ ಓದಿಸುವುದನ್ನು ಈ ಸಲದಿಂದ ಬಿಟ್ಟಿದ್ದೇನೆ. ಗೂಡಿನ ವಿಷಯ ತಾವೇ ಬರೆದವರು ಬೇರೆ ಏನು ಮುಚ್ಚಿಟ್ಟಾರು?

ಜೇನು ಕುಯ್ಯುವ ದಿನ ನಾನು ಬಂಡೆಗೆ ಹೋದೆ. ನೀನು ಹೇಳಿದೆ ಎಂದು ಹೋದೆ, ಆದರೆ ದೂರದಲ್ಲೇ ಕೂತೆ. ನೀನು ಹೇಳಲಾರೆ ಎಂದು ಬರೆದದ್ದು ನನ್ನ ಅನುಮಾನವನ್ನು ಕಮ್ಮಿ ಮಾಡಲಿಲ್ಲ, ಹೆಚ್ಚೇ ಮಾಡಿತು. ಗಂಡ ಹೆಂಡತಿ ಇಬ್ಬರೂ ಸೇರಿ ನನ್ನಿಂದ ಏನೋ ಮುಚ್ಚುತ್ತಿದ್ದಾರೆ ಎಂದುಕೊಂಡೆ. ಪಾಪ ನನ್ನ ಕಡೆ ನೋಡಲಿಲ್ಲ. ಜೇನಿಗೆ ಹೊಗೆ ಹಾಕಲು ಹಸಿ ಸೊಪ್ಪಿನ ಸೂಡಿ ಕಟ್ಟುತ್ತಾ ಕೂತಿದ್ದ. ಹಾಡಿಯವರೆಲ್ಲ ಅವನನ್ನೊಮ್ಮೆ ನನ್ನನ್ನೊಮ್ಮೆ ನೋಡುತ್ತಿದ್ದರು.

ಬೈಗಿನ ಹೊತ್ತಿಗೆ ಜೀಪಿನ ಸದ್ದು ಕೇಳಿತು. ಕೆಳಗಿನಿಂದ ಅಲ್ಲ, ಬಂಡೆಯ ತಲೆಯ ಕಡೆಯಿಂದ. ಬಂಡೆಯ ಹಿಂದಿನ ಕಾಡಿನಲ್ಲಿ ಜೀಪು ಹೇಗೆ ಬರುತ್ತದೆ? ಹೋಗಿ ನೋಡಿದರೆ, ಅಲ್ಲಿ ಹೊಸ ದಾರಿ. ಆ ಕಡೆಯ ಇಳಿಜಾರಿಗೆ ನಾವು ಈ ಬೇಸಿಗೆ ಕಾಲಿಟ್ಟಿರಲಿಲ್ಲ. ಮಣ್ಣು ಇನ್ನೂ ಹಸಿ ಇತ್ತು. ಜೀಪಿಗೆ ಬೇಕಾದ್ದಕ್ಕಿಂತ ತುಂಬ ಅಗಲದ ದಾರಿ. ಅಕ್ಕಪಕ್ಕದ ದೊಡ್ಡ ಮರಗಳಿಗೆಲ್ಲ ತೊಗಟೆ ಕೆತ್ತಿ ಗುರುತು ಹಾಕಿದ್ದರು.

ಸಾಹೇಬರು ಕ್ಯಾಮರಾದವನ ಜೊತೆ ಇಳಿದರು. ಕೈಯಲ್ಲಿ ದಪ್ಪ ಹೊಸ ಹಗ್ಗ. ನಾನು ಬಳ್ಳಿ ಕಾಯುವುದಿಲ್ಲ ಎಂದ ಸುದ್ದಿ ಅವರಿಗೂ ಮುಟ್ಟಿತ್ತು. "ಈ ಭಾವ ಮೈದುನರ ತಂಟೆಯೇ ಬೇಡ ಪಾಪ. ಹಗ್ಗವನ್ನ ಜೀಪಿಗೆ ಕಟ್ಟೋಣ. ಕಬ್ಬಿಣದ ಕೊಂಡಿ, ಆನೆ ಎಳೆದರೂ ಬಿಡೋಲ್ಲ. ಬೆಳಕು ಹೋಗೋದರೊಳಗೆ ಇಳಿ, ಫೋಟೋ ಬೇಕು" ಎಂದರು. ಕಟ್ಟಿಯೂ ಬಿಟ್ಟರು.

ಪಾಪ ಹಗ್ಗ ಜಗ್ಗಿ ನೋಡಿದ. ಆಮೇಲೆ ಜೀಪಿನ ಸುತ್ತ ಒಂದು ಸುತ್ತು ಬಂದ. ದಾರಿಯನ್ನು ನೋಡಿದ, ಮರದ ಗುರುತುಗಳನ್ನು ನೋಡಿದ. ಲಿಂಗಿ, ಅವನ ಮುಖ ಬಿಳುಚಿಕೊಂಡಿತು. ಅವನಿಗೆ ಗೊತ್ತಿರಲಿಲ್ಲ. ಅದು ನನಗೆ ಆಗಲೇ ಖಾತ್ರಿಯಾಯಿತು.

"ಹಗ್ಗ ಗಟ್ಟಿ ಐತೆ ಬುದ್ಧೀ. ಈ ಜೀಪಿಗೆ ತಂಗಿ ಅವ್ಳಾ?" ಎಂದ.

ಸಾಹೇಬರಿಗೆ ಅರ್ಥವಾಗಲಿಲ್ಲ. ನಮ್ಮವರೆಲ್ಲ ನಕ್ಕುಬಿಟ್ಟರು. ನನಗೂ ನಗು ಬಂತು, ಸಿಟ್ಟಿನಲ್ಲಿದ್ದೇನೆ ಎಂದು ತಡೆದುಕೊಂಡೆ.

"ನಾವು ಕೆಳೀಕೆ ಇಳ್ದೋದ್ಮ್ಯಾಲೆ ಈ ದಾರಿ ಯಾರ್ಗೆ ಬುದ್ಧೀ?" ಎಂದು ಪಾಪ ಕೇಳಿದ.

"ಅದು ಬೇರೆ ಇಲಾಖೆದು" ಎಂದರು ಸಾಹೇಬರು.

ಪಾಪ ಖಾಕಿ ಅಂಗಿ ಬಿಚ್ಚಿ ಜೀಪಿನ ಮೂತಿಯ ಮೇಲೆ ಇಟ್ಟ. ಜೇನಿಗೆ ಹೋಗುವಾಗ ಹೇಗೂ ಅಂಗಿ ಬಿಚ್ಚುತ್ತಾರೆ, ಸಾಹೇಬರು ಹಾಗೇ ತಿಳಿದಿರಬೇಕು. ನಮ್ಮ ಬಳ್ಳಿಯನ್ನು ಬಂಡೆಯ ಮರಕ್ಕೆ ಕಟ್ಟಿದ, ನಮ್ಮ ಪದ್ಧತಿಯಂತೆ ಒಂದು ಸುತ್ತು ಬಾಕಿ ಬಿಟ್ಟ. ಮೇಲಿನವನು ಹಿಡಿಯದಿದ್ದರೆ ಆ ಗಂಟು ಬಿಚ್ಚಿಕೊಳ್ಳುತ್ತದೆ. ನನ್ನನ್ನು ಕರೆಯಲಿಲ್ಲ, ತಿರುಗಿಯೂ ನೋಡಲಿಲ್ಲ. ಬಂಡೆಯ ಅಂಚಿಗೆ ಹೋಗಿ ಬಳ್ಳಿಗೆ ಕಾಲು ಹಾಕಿದ. ನಾನು ಓಡಿ ಹೋಗಿ ಹಿಡಿದೆ.

ಈಗ ಹೇಳುವುದನ್ನು ನಿನಗೊಬ್ಬಳಿಗೇ ಹೇಳುತ್ತಿದ್ದೇನೆ, ಮೇಷ್ಟ್ರು ಕಿವಿ ಮುಚ್ಚಿಕೊಂಡು ಬರೆಯಲಿ. ಅವನ ಭಾರ ನನ್ನ ಕೈಗೆ ಬಂದಾಗ ಒಂದು ಗಳಿಗೆ ನನಗೆ ನನ್ನ ಮೇಲೆಯೇ ಅನುಮಾನ ಬಂತು. ಎರಡು ತಿಂಗಳು ಅವನನ್ನು ಬೈದ ಬಾಯಿ ನನ್ನದು. ಆ ಬೈಗುಳವೆಲ್ಲ ಕೈಗೆ ಇಳಿದರೆ ಏನು ಗತಿ ಎಂದುಕೊಂಡೆ. ಆಗ ನೀನು ಕಂಡೆ. ಹಾಸ್ಟೆಲಿನ ಬಾಗಿಲ ಹತ್ತಿರ ತಟ್ಟೆ ಇಟ್ಟುಕೊಂಡು ಕೂತ ಹಾಗೆ ಕಂಡೆ. ಹಿರಿಯರು ಯಾಕೆ ಹೆಂಡತಿಯ ಅಣ್ಣನನ್ನೇ ಕೂರಿಸಿದರು ಎಂದು ಇಷ್ಟು ವರ್ಷ ಬಳ್ಳಿ ಕಾದವನಿಗೆ ಅವತ್ತು ತಿಳಿಯಿತು.

ಕೆಳಗೆ ಅವನು ಜೇನಿಗೆ ಹಾಡು ಹೇಳುತ್ತಿದ್ದ. ಹಾಡು ಕೇಳುವವರೆಗೆ ಇಳಿದವನು ಕ್ಷೇಮ ಎಂದು ಲೆಕ್ಕ. ನಡುವೆ ಹಾಡು ನಿಂತಿತು. ಬಳ್ಳಿಯನ್ನು ಇನ್ನೂ ಬಿಗಿಯಾಗಿ ಹಿಡಿದೆ. ಆಮೇಲೆ ಮತ್ತೆ ಶುರುವಾಯಿತು, ಆದರೆ ಪದ ಬದಲಾಗಿತ್ತು: "ಮೇಲಿರೋ ಬಾವಯ್ಯ, ಕೈಯ್ಯಾಕೆ ನಡುಗ್ತಾವೆ." ಕಳ್ಳ ನನ್ಮಗ, ಹೆಜ್ಜೇನಿನ ನಡುವೆ ಜೋತಾಡುತ್ತಾ ನನ್ನನ್ನು ಆಡಿಕೊಳ್ಳುತ್ತಿದ್ದ.

ಮೇಲೆ ಬಂದ ಮೇಲೆ ಮೊದಲ ತುಂಡನ್ನು ನನಗೆ ಕೊಟ್ಟ. ಅಲ್ಲೇ ಕೂತು ಎಲ್ಲವನ್ನೂ ಹೇಳಿದ, ನಿನ್ನ ಹೆರಿಗೆ ಕೋಣೆಯ ಮಾತನ್ನೂ ಹೇಳಿದ. ಮೊದಲೇ ಯಾಕೆ ಹೇಳಲಿಲ್ಲ ಎಂದರೆ, "ಹೇಳಿದ್ರೆ ನೀನು ನಂಬ್ತಿದ್ಯಾ ಬಾವ?" ಎಂದ. ನಂಬುತ್ತಿರಲಿಲ್ಲ. ಅದನ್ನೂ ಹೇಳಿದೆ.

ಈಗ ನೀನೇ ತೀರ್ಮಾನ ಮಾಡಬೇಕು, ನಿನ್ನ ಮಾತಿನಂತೆ ನಡೆಯಲು ಹಾಡಿಯವರೆಲ್ಲ ಒಪ್ಪಿದ್ದಾರೆ. ನಾವು ಇಳಿದರೆ ನೀನು ಮನೆಗೆ ಬರುತ್ತೀಯ, ಬಂಡೆಯ ಕಾಡು ಹೋಗುತ್ತದೆ. ಇಳಿಯದಿದ್ದರೆ ಕಾಡು ಉಳಿಯುತ್ತದೆ ಎಂದು ಧೈರ್ಯವಾಗಿ ಹೇಳಲಾರೆ, ನೀನು ಬರುವುದಿಲ್ಲ ಎಂಬುದು ಮಾತ್ರ ನಿಜ. ಸಣ್ಣಿಯ ಮುಖ ನೋಡಿದರೆ ಇಳಿಯೋಣ ಅನಿಸುತ್ತದೆ. ಆ ದಾರಿ ನೋಡಿದರೆ ಬೇಡ ಅನಿಸುತ್ತದೆ.

ನಿನ್ನ ಅಣ್ಣ
ಮಾದ (ಹೆಬ್ಬೆಟ್ಟು)

•

ಮಡಿಕೇರಿ
2 ಜುಲೈ 1956

ಅಣ್ಣನಿಗೂ, ಪಕ್ಕದಲ್ಲಿ ಕೂತು ಕೇಳುತ್ತಿರುವ ಪಾಪನಿಗೂ ಲಿಂಗಿ ಬರೆಯುವುದು.

ತಡವಾಯಿತು. ಕಾಗದ ಬರೆದು ಬರೆದು ಹರಿದೆ.

ಕೊನೆಗೆ ಸಾಹೇಬರ ಕೋಣೆಗೆ ನಾನೇ ಹೋದೆ. ಕೂರು ಎಂದು ಕುರ್ಚಿ ತೋರಿಸಿದರು. ಈ ಊರಿನಲ್ಲಿ ನನಗೆ ಕುರ್ಚಿ ತೋರಿಸಿದವರು ಅವರೊಬ್ಬರೇ, ಅದನ್ನು ಹೇಳದಿದ್ದರೆ ನನ್ನ ನಾಲಿಗೆ ಬಿದ್ದುಹೋಗುತ್ತದೆ. ಹೆರಿಗೆ ಕೋಣೆಯ ಮಾತು ನಿಜ, ಖಂಡಿತ ಕಟ್ಟಿಸುತ್ತೇನೆ ಎಂದರು. ಕಣ್ಣಲ್ಲಿ ಸುಳ್ಳು ಕಾಣಲಿಲ್ಲ.

"ಆ ದಾರಿ ಮುಚ್ಚಿಸ್ತೀರಾ ಬುದ್ಧಿ?" ಎಂದೆ. ಅದು ತಮ್ಮ ಕೈಯಲ್ಲಿಲ್ಲ ಎಂದರು. ಜಮೀನಿಗೆ ಪಟ್ಟೆ ಯಾವಾಗ ಎಂದೆ. ಮೊದಲು ಇಳಿಯಿರಿ, ಪಟ್ಟೆ ಹೊಸ ಸರಕಾರ ಕೊಡುತ್ತದೆ ಎಂದರು. ನವೆಂಬರಿನಲ್ಲಿ ಕೊಡಗು ಮೈಸೂರಿಗೆ ಸೇರುವುದು ನಿಶ್ಚಯವಂತೆ.

"ಯಾಕಮ್ಮ, ನನ್ನ ಮೇಲೆ ನಂಬಿಕೆ ಇಲ್ಲವಾ?" ಎಂದು ಕೇಳಿದರು. ನಿಜವಾಗಿಯೂ ಬೇಸರವಾಗಿತ್ತು ಅವರಿಗೆ.

"ನಿಮ್ಮ ಮೇಲೆ ಐತೆ ಬುದ್ಧಿ. ನವೆಂಬರಲ್ಲಿ ನೀವು ಎಲ್ಲಿರ್ತೀರಿ?" ಎಂದೆ.

ಅವರು ಕಿಟಕಿಯ ಕಡೆ ನೋಡಿದರು. ತಮಗೂ ವರ್ಗವಾಗುತ್ತದೆ, ಎಲ್ಲಿಗೋ ಇನ್ನೂ ಗೊತ್ತಿಲ್ಲ ಎಂದರು.

ಇಳಿಯಬೇಡಿ ಅಣ್ಣ. ಬಳ್ಳಿ ಕಟ್ಟಿಕೊಟ್ಟು, ಕಾಯುವ ಹೊತ್ತಿಗೆ ಬೇರೆ ಊರಿಗೆ ಹೋಗುವವರನ್ನು ನಂಬಿ ಇಳಿಯಬೇಡಿ. ಪಟ್ಟೆ ಕೈಗೆ ಬರಲಿ, ದಾರಿ ಮುಚ್ಚಲಿ, ಆಮೇಲೆ ನೋಡೋಣ.

ಇದನ್ನು ಬರೆದು ಅತ್ತಿದ್ದೇನೆ. ಅಕ್ಷರ ಒದ್ದೆಯಾದ ಕಡೆ ಮೇಷ್ಟ್ರು ಊಹಿಸಿ ಓದಲಿ. ಹಾಡಿಯವರೆಲ್ಲರ ಎದುರಿಗೆ ಇದನ್ನು ಓದಿಸು: ಹೆಂಡತಿಗಾಗಿ ಕಾಡು ಮಾರಿದವನಲ್ಲ ನನ್ನ ಗಂಡ. ಕಾಡಿಗಾಗಿ ಹೆಂಡತಿಯನ್ನು ದೂರದಲ್ಲಿ ಬಿಟ್ಟವನು.

ಲಿಂಗಿ

•

ಶಿರಂಗಾಲ
1 ನವೆಂಬರ್ 1956

ಅಣ್ಣನಿಗೆ ಲಿಂಗಿಯ ನಮಸ್ಕಾರ.

ನನ್ನನ್ನು ಹಾಕಿದ್ದು ಮೇಷ್ಟ್ರ ಊರಿಗೇ. ಅವರ ತಾಯಿ ಚಲುವಮ್ಮನವರು ಮೊದಲ ದಿನವೇ ಮನೆಗೆ ಕರೆದು, ನಡುಮನೆಯಲ್ಲಿ ಎಲ್ಲರ ಸಾಲಿನಲ್ಲಿ ಕೂರಿಸಿ ಊಟ ಹಾಕಿದರು. ಫೋಟೋದವರು ಯಾರಾದರೂ ಇದ್ದಾರೇನೋ ಎಂದು ನಾನು ಬಾಗಿಲ ಕಡೆ ನೋಡಿದೆ. ಯಾರೂ ಇರಲಿಲ್ಲ. ಉಳಿದ ಮನೆಗಳಲ್ಲಿ ಹೆರಿಗೆಗೆ ಹಿತ್ತಿಲ ಬಾಗಿಲಿನಿಂದ ಕರೆಯುತ್ತಾರೆ. ಮಗು ಅತ್ತ ಮೇಲೆ ಮಾತ್ರ ನನ್ನ ಮುಖ ನೋಡುತ್ತಾರೆ.

ಇವತ್ತು ಶಾಲೆಯಲ್ಲಿ ಬಾವುಟ ಹಾರಿಸಿ ಮಿಠಾಯಿ ಹಂಚಿದರು. ನಾನು ತೆಗೆದುಕೊಂಡೆ, ಆದರೆ ನಿನ್ನ ಬೆಲ್ಲ ನೆನಪಾಗಿ ನಗು ಬಂತು. ಇನ್ನು ಮೇಲೆ ವಿಳಾಸದಲ್ಲಿ ಕೊಡಗು ರಾಜ್ಯ ಎಂದು ಬರೆಸಬೇಡ, ಮೈಸೂರು ರಾಜ್ಯ ಎಂದು ಬರೆಸು. ಸಾಹೇಬರು ಹೋದ ವಾರ ಸಾಮಾನು ಕಟ್ಟಿಕೊಂಡು ಹೋದರಂತೆ. ಅವರ ಜಾಗಕ್ಕೆ ಯಾರು ಬರುತ್ತಾರೋ ಇಲ್ಲಿ ಯಾರಿಗೂ ಗೊತ್ತಿಲ್ಲ. ಗುರುತು ಹಾಕಿದ ಮರಗಳು ಇನ್ನೂ ನಿಂತಿವೆ ಎಂದು ಮೇಷ್ಟ್ರು ತಾಯಿಗೆ ಬರೆದಿದ್ದರು. ಅವು ಎಷ್ಟು ದಿನ ನಿಲ್ಲುತ್ತವೋ ಎಂದು ನನಗೆ ಭಯವಿದೆ.

ಪಾಪ ಸಣ್ಣಿಯನ್ನು ಕರೆದುಕೊಂಡು ಬಂದು ಹೋದ. ಹೊರಡುವಾಗ ಅವಳು ಅಳಲಿಲ್ಲ. ಅಳದಿದ್ದುದನ್ನೇ ನನಗೆ ತಡೆಯಲಾಗಲಿಲ್ಲ.

ಬರುವ ಜೇನಿನ ಕಾಲಕ್ಕೆ ರಜೆ ಕೇಳಿದ್ದೇನೆ. ಹೆಂಗಸರು ಬಂಡೆಯ ತಲೆಗೆ ಬರಬಾರದು ಎಂಬ ಕಟ್ಟಳೆ ನನಗೆ ಗೊತ್ತು. ಆದರೂ ಬರುತ್ತೇನೆ, ಹಾಡಿಯವರಿಗೆ ಈಗಲೇ ಹೇಳಿಡು. ನೀನು ಬಳ್ಳಿ ಹಿಡಿದು ಕೂರು, ನಾನು ನಿನ್ನ ಬೆನ್ನಿಗೆ ಬೆನ್ನು ಕೊಟ್ಟು ದಾರಿಯ ಕಡೆ ಮುಖ ಮಾಡಿ ಕೂರುತ್ತೇನೆ. ನಿನ್ನ ಮೇಲೆ ಅನುಮಾನವೇನೂ ಇಲ್ಲ. ಆ ದಾರಿಯಲ್ಲಿ ಮತ್ತೆ ಜೀಪು ಬಂದರೆ, ಅದರ ಮೇಲೆ ಯಾರ ಹೆಸರಿದೆ ಎಂದು ಓದಿ ಹೇಳುವವರು ನಮ್ಮವರೇ ಒಬ್ಬರು ಮೇಲಿರಬೇಕು.

ನಿನ್ನ ತಂಗಿ
ಲಿಂಗಿ